ಮುದ್ದೆ, ಬಸ್ಸಾರು ಮತ್ತು ಒಂದು ಗುಲಾಬಿ ಚೀಟಿ

ಇವತ್ತು ರಜೆ ಹಾಕಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ. ಟೈಮ್ ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಆಗಿದ್ದು ಇಷ್ಟು. ಅಮ್ಮ ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ಒಂದು ತಿಂಗಳಿಂದ ಇದೇ ಮಾತು. ನಾನು ಹೆದರಿಕೆ ಇರಬೇಕು ಅಂದುಕೊಂಡಿದ್ದೆ. ಕೆಳಗಿನ ಮಹಡಿಯಲ್ಲಿ ಫಿಸಿಯೋಥೆರಪಿ. ಅಲ್ಲಿರುವ ಹುಡುಗಿ ಇವತ್ತು ವ್ಯಾಯಾಮ ಶುರು ಮಾಡಲೇ ಇಲ್ಲ. ಅಮ್ಮನನ್ನು ಮಲಗಿಸಿ ಬಿಪಿ ನೋಡಿದಳು. ಆಮೇಲೆ ನಿಲ್ಲಿಸಿ, ಗೋಡೆ ಗಡಿಯಾರ ನೋಡುತ್ತಾ ಮೂರು ನಿಮಿಷ ಕಾದು, ಮತ್ತೆ ನೋಡಿದಳು. ಮಲಗಿದಾಗ 152. ನಿಂತಾಗ 118.

"ಮೇಡಂ, ಅಜ್ಜಿಗೆ ಹೆದರಿಕೆ ಅಲ್ಲ ಇದು. ನಿಂತ ತಕ್ಷಣ ಬಿಪಿ ಬೀಳ್ತಿದೆ. ಮಾತ್ರೆ ಜಾಸ್ತಿ ಆಗಿದೆಯಾ, ಹೊತ್ತು ಬದಲಾಯಿಸಬೇಕಾ ಅಂತ ಮೇಲೆ ಡಾಕ್ಟರ್ ಒಂದ್ಸಲ ನೋಡಲಿ" ಅಂದಳು. ಒಂದು ಗುಲಾಬಿ ಬಣ್ಣದ ಚೀಟಿಯಲ್ಲಿ ನಾಲ್ಕು ಸಾಲು ಬರೆದು, ಎರಡೂ ಸಂಖ್ಯೆಗಳ ಕೆಳಗೆ ಗೆರೆ ಎಳೆದು, ಸಹಿ ಹಾಕಿ ಕೊಟ್ಟಳು. ಅಕ್ಷರ ಮುದ್ದಾಗಿತ್ತು. ಟೀಚರ್ ಆದ್ದರಿಂದ ಅದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ, ಕ್ಷಮಿಸಿ.

ಎರಡನೇ ಮಹಡಿಯಲ್ಲಿ ಒಂದೂವರೆ ಗಂಟೆ ಕಾದೆವು. ಡಾಕ್ಟರ್ ಚೀಟಿ ನೋಡಿ "ಇದೇನಿದು?" ಅಂದರು. "ಫಿಸಿಯೋದವರು ಕೊಟ್ಟಿದ್ದು ಸರ್." "ಅವರು ವ್ಯಾಯಾಮ ಮಾಡಿಸಲಿ, ಬಿಪಿ ನಾನು ನೋಡ್ಕೋತೀನಿ." ನೋಡಿದರು. ಕೂರಿಸಿಕೊಂಡೇ ನೋಡಿದರು! 138 ಬಂತು. "ಚೆನ್ನಾಗಿದೆ, ಅದೇ ಮಾತ್ರೆ ಮುಂದುವರಿಸಿ." ಚೀಟಿಯನ್ನು ಎರಡು ಮಡಿಕೆ ಮಾಡಿ ಫೈಲಿನೊಳಗೆ ಸೇರಿಸಿದರು. ಅಷ್ಟೇ.

ಅಮ್ಮನಿಗೆ ಕೂತರೆ ತಲೆ ಸುತ್ತುವುದಿಲ್ಲ. ನಿಂತರೆ ಸುತ್ತುತ್ತದೆ. ಇದು ಅರ್ಥವಾಗಲು ಎಂಬಿಬಿಎಸ್ ಬೇಕಾ?

ಅಮ್ಮನ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಇಪ್ಪತ್ತು ವರ್ಷದಿಂದ ಶುಗರ್. ಅದರ ಬೆನ್ನಿಗೆ ಬಿಪಿ. ನಾಲ್ಕು ವರ್ಷದಿಂದ ಕಿಡ್ನಿ ಸ್ವಲ್ಪ ಸ್ವಲ್ಪವೇ ಸೋಲುತ್ತಿದೆ. ಹೋದ ವರ್ಷ ಆಗಸ್ಟ್‌ನಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು, ನುಂಗುವುದು ಎಲ್ಲಕ್ಕೂ ಪೆಟ್ಟು ಬಿತ್ತು. ಅಂದರೆ ಈಗ ಅಮ್ಮನಿಗೆ ಶುಗರ್ ಡಾಕ್ಟರ್, ಕಿಡ್ನಿ ಡಾಕ್ಟರ್, ನರದ ಡಾಕ್ಟರ್, ಫಿಸಿಯೋ, ಸ್ಪೀಚ್ ಥೆರಪಿಸ್ಟ್, ಇಬ್ಬರು ಡಯಟೀಶಿಯನ್ ಇದ್ದಾರೆ. ಹೌದು, ಇಬ್ಬರು. ಅದಕ್ಕೆ ಆಮೇಲೆ ಬರುತ್ತೇನೆ. ಒಬ್ಬೊಬ್ಬರೂ ಒಳ್ಳೆಯವರೇ. ಒಬ್ಬರು ಇನ್ನೊಬ್ಬರ ಹತ್ತಿರ ಮಾತಾಡುವುದಿಲ್ಲ, ಅದೊಂದೇ ನನ್ನ ದೂರು. ಇವರೆಲ್ಲರ ನಡುವೆ ಓಡಾಡುವ ಪೋಸ್ಟ್‌ಮ್ಯಾನ್ ನಾನು. ಸಂಬಳ ಇಲ್ಲ, ಸೈಕಲ್ಲೂ ಇಲ್ಲ.

ಪೋಸ್ಟ್‌ಮ್ಯಾನ್ ಆದರೂ ಪರವಾಗಿಲ್ಲ, ಕಾಗದವನ್ನು ಯಾರಾದರೂ ಓದಬೇಕಲ್ವಾ?

ಓದದಿದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಇದನ್ನು ಬರೆಯಲೋ ಬೇಡವೋ ಅಂತ ತುಂಬ ಯೋಚಿಸಿದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗೆ ಒಂದು ಡಿಸ್ಚಾರ್ಜ್ ಸಮ್ಮರಿ ಕೊಟ್ಟರು. ಮಾತ್ರೆಗಳ ಪಟ್ಟಿ ಪೂರ್ತಿ ಇತ್ತು. ಕೊನೆಯಲ್ಲಿ ಒಂದು ಸಾಲು, ಫಿಸಿಯೋಥೆರಪಿ ಮುಂದುವರಿಸಿ ಅಂತ. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ, ಏನೂ ಇಲ್ಲ. ಹಾಸಿಗೆಯಿಂದ ಹೇಗೆ ಎಬ್ಬಿಸಬೇಕು ಅಂತಲೂ ಯಾರೂ ತೋರಿಸಿರಲಿಲ್ಲ. ನಾನು ದಿನಾ ಬೆಳಿಗ್ಗೆ ಅಮ್ಮನ ಬಲಗೈ ಹಿಡಿದು ಎಳೆದು ಎಬ್ಬಿಸುತ್ತಿದ್ದೆ. ಲಕ್ವ ಹೊಡೆದ ಕೈ. ಎರಡು ತಿಂಗಳು.

ಅಮ್ಮನ ಭುಜ ನೋಯಲು ಶುರುವಾಯಿತು. ರಾತ್ರಿ ಅಳುತ್ತಿದ್ದರು. ಮೂಳೆ ಡಾಕ್ಟರ್ ಹತ್ತಿರ ಹೋದೆವು. ಅವರು ಎಕ್ಸ್‌ರೇ ತೆಗೆಸಿ, ನೋವಿನ ಮಾತ್ರೆ ಬರೆದರು. ಕಿಡ್ನಿ ಫೈಲು ಬೇರೆ ಬ್ಯಾಗಿನಲ್ಲಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ಏರುವ ಸಂಖ್ಯೆ) 1.8 ಇದ್ದದ್ದು 2.4 ಆಗಿತ್ತು. ಕಿಡ್ನಿ ಡಾಕ್ಟರ್ ನನ್ನ ಮೇಲೆ ಹರಿಹಾಯ್ದರು. "ಈ ಮಾತ್ರೆ ಯಾರು ಕೊಟ್ಟಿದ್ದು? ಕಿಡ್ನಿಗೆ ಆಗಲ್ಲ ಅಂತ ಗೊತ್ತಿಲ್ವಾ?" ನನಗೆ ಹೇಗೆ ಗೊತ್ತಾಗಬೇಕು ಸ್ವಾಮಿ? ನಾನು ಎಂಟನೇ ಕ್ಲಾಸಿಗೆ ಸಮಾಸ ಪಾಠ ಮಾಡುವವಳು.

ಕೊನೆಗೆ ಈ ಫಿಸಿಯೋ ಹುಡುಗಿ ಸಿಕ್ಕಳು. ಭುಜ ಮುಟ್ಟಿ ನೋಡಿದವಳೇ "ಎಬ್ಬಿಸುವಾಗ ಕೈ ಹಿಡಿದು ಎಳೀತೀರಾ?" ಅಂದಳು. ಲಕ್ವ ಹೊಡೆದಾಗ ಭುಜದ ಸುತ್ತಲಿನ ಸ್ನಾಯುಗಳು ಸಡಿಲವಾಗುತ್ತವಂತೆ. ಎಳೆದರೆ ಕೀಲು ಜಾರುತ್ತದಂತೆ. ಬೆನ್ನಿನ ಹಿಂದೆ ಕೈ ಕೊಟ್ಟು, ಪಕ್ಕಕ್ಕೆ ಹೊರಳಿಸಿ ಏಳಿಸಬೇಕಂತೆ. ತೋರಿಸಲು ಅವಳಿಗೆ ಹಿಡಿದದ್ದು ಐದು ನಿಮಿಷ. ಐದು ನಿಮಿಷದ ಪಾಠ ಆಗಸ್ಟ್‌ನಲ್ಲೇ ಸಿಕ್ಕಿದ್ದರೆ ನೋವಿಲ್ಲ, ನೋವಿಲ್ಲದಿದ್ದರೆ ಮಾತ್ರೆ ಇಲ್ಲ. ಆ ದಿನ ಆಟೋದಲ್ಲಿ ಬರುವಾಗ ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ. ಅಮ್ಮ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡು ಕೂತಿದ್ದರು.

ಇನ್ನೊಂದು ತಪ್ಪೊಪ್ಪಿಗೆ. ಅಲ್ಲಿಯವರೆಗೆ ಫಿಸಿಯೋ ಅಂದರೆ ಕಾಲು ಒತ್ತುವವರು ಅಂತಲೇ ನಾನು ತಿಳಿದಿದ್ದೆ. "500 ರೂಪಾಯಿ ಕೊಟ್ಟು ಕೈಕಾಲು ಎತ್ತಿಸಬೇಕಾ, ನಾವೇ ಎತ್ತಿಸಿದರಾಯಿತು" ಅಂತ ಮನೆಯವರ ಹತ್ತಿರ ಹೇಳಿದ್ದೂ ನಾನೇ. ಡಾಕ್ಟರ್‌ನ ಬೈಯುವಾಗ ಇದು ನೆನಪಿಗೆ ಬರುತ್ತದೆ.

ಈಗ ಡಯಟ್ ವಿಚಾರ. ಅಮ್ಮ ಮಂಡ್ಯ ಕಡೆಯವರು. ಊಟ ಅಂದರೆ ಮುದ್ದೆ, ಸಾರು ಅಂದರೆ ಬಸ್ಸಾರು. ಶುಗರ್ ಕಡೆಯ ಡಯಟೀಶಿಯನ್ ಇದನ್ನು ಕೇಳಿ ಖುಷಿಪಟ್ಟರು. ರಾಗಿ ತಿನ್ನಿ, ಸೊಪ್ಪು ತಿನ್ನಿ, ಜ್ಯೂಸ್ ಬದಲು ಎಳನೀರು ಕುಡಿಯಿರಿ, ಬಿಪಿ ಇರುವುದರಿಂದ ಸೋಡಿಯಂ ಕಡಿಮೆ ಇರುವ ಉಪ್ಪು ತನ್ನಿ ಅಂದರು. ತಂದೆ, ದುಬಾರಿ ಉಪ್ಪು. ಕಿಡ್ನಿ ಕಡೆಯ ಡಯಟೀಶಿಯನ್ ಆ ಉಪ್ಪಿನ ಹೆಸರು ಕೇಳಿ ತಲೆ ಮೇಲೆ ಕೈ ಹೊತ್ತರು. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಹಾಕಿರುತ್ತಾರಂತೆ. ಸೋಲುತ್ತಿರುವ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತಕ್ಕೇ ತೊಂದರೆ. ಎಳನೀರೂ ಅದೇ ಕಾರಣಕ್ಕೆ ಬೇಡ. ಸೊಪ್ಪನ್ನು ಬೇಯಿಸಿ, ಬಸಿದು, ಆ ನೀರು ಚೆಲ್ಲಿ ಅಂದರು.

ಬಸಿದ ನೀರು ಚೆಲ್ಲಿದರೆ ಬಸ್ಸಾರನ್ನು ಯಾವುದರಲ್ಲಿ ಮಾಡುವುದು? ಬಸ್ಸಾರು ಅಂದರೇ ಬಸಿದ ನೀರಿನ ಸಾರು!

ಅಷ್ಟಕ್ಕೇ ಮುಗಿಯಲಿಲ್ಲ. ಸ್ಪೀಚ್ ಥೆರಪಿಸ್ಟ್ ಕೇಳಿದರು, "ಅಮ್ಮ ಮುದ್ದೆ ಹೇಗೆ ತಿಂತಾರೆ?" ಹೇಗೆ ಅಂದರೆ? ಮುರಿದು, ಸಾರಿಗೆ ಅದ್ದಿ, ನುಂಗುವುದು. ಮುದ್ದೆಯನ್ನು ಅಗಿಯುವವರು ಬೆಂಗಳೂರಿನವರು. ಆಯಮ್ಮ ಗಾಬರಿಯಾದರು. ನುಂಗುವ ಸ್ನಾಯು ಸೋತವರಿಗೆ ಅಂಟುವ ಉಂಡೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ತೆಳ್ಳಗಿನ ಸಾರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂದರು. ಅಂದರೆ ಮುದ್ದೆಯೂ ಇಲ್ಲ, ಸಾರೂ ಇಲ್ಲ. ಒಬ್ಬರು ತಿನ್ನಿ ಅಂದದ್ದನ್ನು ಇನ್ನೊಬ್ಬರು ಚೆಲ್ಲಿ ಅಂದರು, ಮೂರನೆಯವರು ಮುಟ್ಟಲೇಬೇಡಿ ಅಂದರು. ಮೂವರೂ ಹೇಳಿದ್ದು ಸರಿಯೇ. ಆದರೆ ಮೂರನ್ನೂ ಒಂದು ತಟ್ಟೆಗೆ ಬಡಿಸಬೇಕಾದವಳು ನಾನು. ಅಡುಗೆಮನೆಯ ಗೋಡೆಯಲ್ಲಿ ಮೂರು ಚೀಟಿ ಅಂಟಿಸಿಕೊಂಡು ಒಲೆ ಮುಂದೆ ನಿಂತು ಒಂದು ದಿನ ಜೋರಾಗಿ ಅತ್ತಿದ್ದೇನೆ.

(ಅಂದಹಾಗೆ, ಸ್ಪೀಚ್ ಥೆರಪಿಸ್ಟ್ ನುಂಗುವುದನ್ನೂ ನೋಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲೇ ಹುಟ್ಟಿ ಬೆಳೆದವಳು. ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಅದರ ಮುಂದೆ ಸಾವಿರ ಸಲ ಓಡಾಡಿದ್ದೇನೆ. ಮಾತು ಬಾರದ ಮಕ್ಕಳಿಗೆ, ಕಿವಿ ಕೇಳದವರಿಗೆ ಮಾತ್ರ ಅಂದುಕೊಂಡಿದ್ದೆ. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.)

ಮಾತಾಡಿಕೊಂಡರೆ ಏನಾಗುತ್ತದೆ ಅಂತಲೂ ಒಮ್ಮೆ ನೋಡಿದ್ದೇನೆ. ಅದನ್ನು ನೋಡಿರುವುದರಿಂದಲೇ ಸಿಟ್ಟು ಜಾಸ್ತಿ. ಒಂದು ಶನಿವಾರ ಸ್ಪೀಚ್ ಥೆರಪಿಸ್ಟ್ ಮನೆಗೆ ಬಂದಿದ್ದರು. ಫಿಸಿಯೋ ಹುಡುಗಿಯೂ ಅದೇ ಹೊತ್ತಿಗೆ ಬಂದಳು. ಟೈಮ್ ಹೇಳುವುದರಲ್ಲಿ ನಾನು ಮಾಡಿದ ಎಡವಟ್ಟು. ಅಮ್ಮ ಗಂಜಿ ಕುಡಿದು ಕೆಮ್ಮುತ್ತಿದ್ದರು. ಫಿಸಿಯೋ ನೋಡಿ, "ಅಜ್ಜಿ ಬಲಗಡೆಗೆ ವಾಲಿ ಕೂತಿದ್ದಾರೆ, ಕಾಲು ನೆಲಕ್ಕೆ ತಾಗ್ತಿಲ್ಲ" ಅಂದಳು. ಬಲಗಡೆ ದಿಂಬು ಒತ್ತಿ, ಕಾಲ ಕೆಳಗೆ ನಮ್ಮ ಮಣೆ ಇಟ್ಟು ನೆಟ್ಟಗೆ ಕೂರಿಸಿದಳು. ಸ್ಪೀಚ್ ಥೆರಪಿಸ್ಟ್ ಗಲ್ಲ ಸ್ವಲ್ಪ ಕೆಳಗೆ ಬಾಗಿಸಲು ಹೇಳಿ ಚಮಚದಲ್ಲಿ ಗಂಜಿ ಕೊಟ್ಟರು. ಕೆಮ್ಮಲಿಲ್ಲ. ಇನ್ನೊಂದು ಚಮಚ. ಕೆಮ್ಮಲಿಲ್ಲ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ ಅಂತ ಇಬ್ಬರೂ ಒಟ್ಟಿಗೇ ಹೇಳಿ ನಕ್ಕರು. ಹೊರಡುವ ಮುಂಚೆ ಫಿಸಿಯೋ ಚಮಚದ ಹಿಡಿಗೆ ಹಳೇ ಟವೆಲ್ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಹಿಡಿ ದಪ್ಪ ಆಯಿತು, ಅಮ್ಮನ ಬಲಗೈಯಲ್ಲಿ ನಿಂತಿತು. ಏಳು ತಿಂಗಳ ಮೇಲೆ ಅಮ್ಮ ಆ ಕೈಯಲ್ಲಿ ತಾವೇ ಉಂಡರು. ಅರ್ಧ ಗಂಜಿ ಸೀರೆ ಮೇಲೆ, ಆ ಮಾತು ಬೇರೆ. "ಇದೆಲ್ಲ ನಿಜವಾಗಿ ಓಟಿಯವರ ಕೆಲಸ, ಅವರ ಹತ್ರ ಒಂದ್ಸಲ ಹೋಗಿ" ಅಂದಳು ಆ ಹುಡುಗಿ. ಅಮ್ಮ ಹೌಹಾರಿದರು, ಆಪರೇಷನ್ ಥಿಯೇಟರ್ ಅಂದುಕೊಂಡು. ಅದು ಆಕ್ಯುಪೇಷನಲ್ ಥೆರಪಿ. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಬಚ್ಚಲಲ್ಲಿ ಹಿಡಿಕೆ ಎಲ್ಲಿರಬೇಕು, ಇಂಥದ್ದನ್ನೆಲ್ಲ ಕಲಿಸುವವರು. ಅಂಥವರು ಇದ್ದಾರೆ ಅಂತ ಏಳು ತಿಂಗಳಲ್ಲಿ ಒಬ್ಬ ಡಾಕ್ಟರೂ ನನಗೆ ಹೇಳಿರಲಿಲ್ಲ.

ಈಗ ಕೆಲವರು ಕಾಮೆಂಟಿಗೆ ಬರುತ್ತೀರಿ, ಗೊತ್ತು. "ಪಾಪ, ಡಾಕ್ಟರಿಗೆ ದಿನಕ್ಕೆ ಎಷ್ಟು ಪೇಷಂಟು, ಚೀಟಿ ಓದ್ತಾ ಕೂರೋಕಾಗುತ್ತಾ?" ನಿಜ, ಹೊರಗೆ ಎಷ್ಟು ಜನ ಕಾಯುತ್ತಿದ್ದರು ಅಂತ ನಾನೂ ನೋಡಿದೆ. ಆ ಒಂದೂವರೆ ಗಂಟೆ ಬೇರೇನು ಕೆಲಸ ಇತ್ತು? ಆದರೆ ನನ್ನ ಕ್ಲಾಸಿನಲ್ಲೂ 62 ಮಕ್ಕಳಿದ್ದಾರೆ. ಒಬ್ಬ ಹುಡುಗ ಒಂದು ವಾರ ಮಂಕಾಗಿದ್ದರೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರನ್ನು ಕೇಳುತ್ತೇನೆ. ಪಿಟಿ ಮೇಷ್ಟ್ರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಅವರು ಪಿಟಿ ಮೇಷ್ಟ್ರು, ಓಡಿಸಲಿ ಸಾಕು ಅಂತ ನಾನು ಅಂದರೆ ಹೆಡ್ಮೇಷ್ಟ್ರು ಬಿಡುತ್ತಾರಾ? ಆ ಚೀಟಿಯಲ್ಲಿ ಇದ್ದದ್ದು ನಾಲ್ಕು ಸಾಲು. ಅದನ್ನು ಮಡಿಸಲು ಹಿಡಿದ ಹೊತ್ತಿನಲ್ಲಿ ಓದಬಹುದಿತ್ತು.

ನನ್ನ ಪ್ರಕಾರ ಸಮಸ್ಯೆ ಟೈಮಿನದಲ್ಲ, ಮೆಟ್ಟಿಲಿನದು. ಕೆಳಗಿನ ಮಹಡಿಯವರು ಹೇಳಿದ್ದನ್ನು ಮೇಲಿನ ಮಹಡಿಯವರು ಯಾಕೆ ಕೇಳಬೇಕು? ಫಿಸಿಯೋ, ಡಯಟೀಶಿಯನ್, ಓಟಿ, ಲ್ಯಾಬಿನವರು ಹೀಗೆ ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಒಂದು ಕಾನೂನಿನ ಕೆಳಗೆ ತರಲು ಪಾರ್ಲಿಮೆಂಟು 2021ರಲ್ಲಿ ಕಾಯ್ದೆ ಮಾಡಿತು. ಇವರನ್ನು ರಿಜಿಸ್ಟರ್ ಮಾಡಿಕೊಳ್ಳುವ ಕೌನ್ಸಿಲ್ ಮಾಡುವುದರಲ್ಲಿ ರಾಜ್ಯಗಳು ಎಳೆದಾಡಿದ್ದಕ್ಕೆ 2024ರಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು. ಕೌನ್ಸಿಲ್ ಬರಲಿ, ರಿಜಿಸ್ಟ್ರೇಷನ್ ಬರಲಿ, ಒಳ್ಳೆಯದೇ. ಆದರೆ ಗುಲಾಬಿ ಚೀಟಿಯನ್ನು ಬಿಡಿಸಿ ಓದಿ ಅಂತ ಯಾವ ಕಾಯ್ದೆಯಲ್ಲಿ ಬರೆಯುತ್ತಾರೆ?

ಹೋದ ವಾರ ನಾನೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಹೆಸರು "ಅಮ್ಮ". ಎಲ್ಲರನ್ನೂ ಕೇಳಿಯೇ ಸೇರಿಸಿದೆ. ಒಬ್ಬ ಡಾಕ್ಟರ್ ಮರುದಿನವೇ ಹೊರಗೆ ಹೋದರು. ಇನ್ನೊಬ್ಬರದು ಬರೀ ನೀಲಿ ಟಿಕ್. ಕಿಡ್ನಿ ಡಾಕ್ಟರ್ ಮಾತ್ರ, ಅದೇ ನನಗೆ ಬೈದವರು, ರಾತ್ರಿ ಹನ್ನೊಂದಕ್ಕೆ ಉತ್ತರ ಹಾಕುತ್ತಾರೆ. ಇವತ್ತು ಚೀಟಿಯ ಫೋಟೋ ಹಾಕಿದೆ. ಅರ್ಧ ಗಂಟೆಯಲ್ಲಿ ಅವರಿಂದ ಬಂತು: "ನಾಳೆ ಬೆಳಗಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ. ಫಿಸಿಯೋ ನೋಡಿದ್ದು ಸರಿ ಇದೆ." ಆ ಹುಡುಗಿ ಒಂದು ನಮಸ್ಕಾರದ ಚಿಹ್ನೆ ಹಾಕಿದಳು.

ಬಸ್ಸಾರೂ ಅದೇ ಗ್ರೂಪಿನಲ್ಲಿ ತೀರ್ಮಾನ ಆಯಿತು. ಕಿಡ್ನಿ ಡಯಟೀಶಿಯನ್ ಮತ್ತು ಸ್ಪೀಚ್ ಥೆರಪಿಸ್ಟ್ ನಡುವೆ ಹದಿನಾಲ್ಕು ಮೆಸೇಜ್. ಸೊಪ್ಪು ಬೇಯಿಸಿ ಬಸಿದ ನೀರು ಚೆಲ್ಲು. ಬೇರೆ ನೀರಿಗೆ ಸ್ವಲ್ಪವೇ ಬೇಳೆ, ಬೆಳ್ಳುಳ್ಳಿ, ಮೆಣಸು, ಜೀರಿಗೆ. ಸೊಪ್ಪನ್ನೂ ಸೇರಿಸಿ ಮಿಕ್ಸಿಯಲ್ಲಿ ನಾರು ಉಳಿಯದ ಹಾಗೆ ಗಟ್ಟಿಯಾಗಿ ರುಬ್ಬು. ಮುದ್ದೆ ಬದಲು ದಪ್ಪ ರಾಗಿ ಗಂಜಿ, ಅದೂ ಅಳತೆಯಲ್ಲಿ. (ಇದು ನಮ್ಮಮ್ಮನ ಲೆಕ್ಕ. ನಿಮ್ಮ ಮನೆಯವರ ರಕ್ತ ಪರೀಕ್ಷೆ ಬೇರೆ ಇರುತ್ತದೆ, ಇಲ್ಲಿಂದ ಕಾಪಿ ಹೊಡೆಯಬೇಡಿ.)

ಇವತ್ತು ರಾತ್ರಿ ಮಾಡಿದೆ. ಅಮ್ಮನನ್ನು ನೆಟ್ಟಗೆ ಕೂರಿಸಿ, ಕಾಲ ಕೆಳಗೆ ಮಣೆ ಇಟ್ಟು, ಟವೆಲ್ ಸುತ್ತಿದ ಚಮಚ ಕೈಗೆ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, ಗಲ್ಲ ಬಾಗಿಸಿ ನುಂಗಿದರು. ಮಾತು ಇನ್ನೂ ತೊದಲು, ಆದರೆ ಇದು ಸ್ಪಷ್ಟವಾಗಿಯೇ ಬಂತು.

"ಏನವ್ವಾ ಇದು?"

"ಬಸ್ಸಾರು ಕಣಮ್ಮ."

"ಇದು ಬಸ್ಸಾರಾ? ಥೂ." ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡುತ್ತಾ ಕೂತರು. ಆಮೇಲೆ ಚಮಚ ಮುಂದೆ ಚಾಚಿದರು. "ಇನ್ನೊಸಿ ಹಾಕು."