ಅನುವಾದಕರು ದತ್ತು ಹೋಗುವ ಕಾಲ

ಮೊನ್ನೆ ನನಗೊಂದು ಆಹ್ವಾನ ಬಂತು. ಆಗಾಗ ಕೆಲಸ ಕೊಡುವ ಒಂದು ಅನುವಾದ ಏಜೆನ್ಸಿಯವರದು. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಉಚಿತ ವೆಬಿನಾರ್. ವಿಷಯ: ‘ಬದಲಾಗುತ್ತಿರುವ ಜಗತ್ತಿಗೆ ಅನುವಾದಕರು ದತ್ತು ಹೋಗುವುದು ಹೇಗೆ?’

ಎರಡು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ. ದತ್ತು ಅಂತಲೇ ಇದೆ. ಇಂಗ್ಲಿಷಿನಲ್ಲಿ ಅಡ್ಯಾಪ್ಟ್ ಅಂತ ಬರೆಯಲು ಹೋಗಿ ಯಾರೋ ಅಡಾಪ್ಟ್ ಅಂತ ಒತ್ತಿದ್ದಾರೆ. ಯಂತ್ರ ಪಾಪ, ಕೊಟ್ಟದ್ದನ್ನು ಕನ್ನಡ ಮಾಡಿದೆ. ಹೊಂದಿಕೊಳ್ಳಬೇಕಾದವರು ದತ್ತು ಹೋಗಿಬಿಟ್ಟರು. ಅನುವಾದದ ಏಜೆನ್ಸಿ, ಅನುವಾದಕರಿಗೆ, ಅನುವಾದದ ಬಗ್ಗೆ ಕಳಿಸಿದ ಪತ್ರ ಸ್ವಾಮಿ ಇದು. ಕಳಿಸುವ ಮುಂಚೆ ಕನ್ನಡ ಬಲ್ಲ ಒಬ್ಬರೇ ಒಬ್ಬರು ಕಣ್ಣು ಹಾಯಿಸಿಲ್ಲ.

ಆದರೆ ಯೋಚಿಸಿದಷ್ಟೂ ಇದೇ ಸರಿ ಅನ್ನಿಸತೊಡಗಿತು. ದತ್ತು ಹೋಗುವುದರಲ್ಲಿ ತಪ್ಪೇನಿದೆ? ಯಾರಾದರೂ ಅನುಕೂಲಸ್ಥರು ನಮ್ಮನ್ನು ತಗೊಂಡರೆ ಎರಡು ಹೊತ್ತು ಊಟ, ಯುಗಾದಿಗೊಂದು ಜೊತೆ ಬಟ್ಟೆ, ಮಲಗಲು ಒಂದು ಮೂಲೆ. ಬದಲಿಗೆ ಆ ಮನೆಯ ವಾಷಿಂಗ್ ಮೆಷಿನ್ನಿನ ಕೈಪಿಡಿಯನ್ನೆಲ್ಲ ಕನ್ನಡ ಮಾಡಿಕೊಡುತ್ತೇವೆ. ನನಗೆ ಐವತ್ತೆರಡು ವರ್ಷ, ಸ್ವಲ್ಪ ಸಕ್ಕರೆ ಕಾಯಿಲೆ ಇದೆ, ಅದು ಬಿಟ್ಟರೆ ತೊಂದರೆಯ ಮಗು ಅಲ್ಲ.

ಈ ಏಜೆನ್ಸಿ ಹೋದ ವರ್ಷ ನನಗೆ ಬಡ್ತಿ ಕೊಟ್ಟಿತ್ತು. ಅನುವಾದಕ ಆಗಿದ್ದವನು ಈಗ ಪೋಸ್ಟ್ ಎಡಿಟರ್. ಮೊದಲು ಪದಕ್ಕೆ ಒಂದೂವರೆ ರೂಪಾಯಿ ಕೊಡುತ್ತಿದ್ದರು, ಬಡ್ತಿಯ ನಂತರ ನಲವತ್ತು ಪೈಸೆ. ಸಂಬಳ ಇಳಿದು ಹುದ್ದೆ ಏರುವುದು ನಮ್ಮ ಕಸುಬಿನಲ್ಲಿ ಮಾತ್ರ ಅನ್ನಿಸುತ್ತದೆ. ಕೆಲಸ ಏನಂದರೆ, ಯಂತ್ರ ಮೊದಲೇ ಅನುವಾದ ಮಾಡಿಟ್ಟಿರುತ್ತದೆ, ನಾವು ‘ಸುಮ್ನೆ ಒಂದ್ಸಲ ನೋಡಿ’ ಕೊಡಬೇಕು. ‘ಸುಮ್ನೆ’ ಅನ್ನುವ ಪದಕ್ಕೆ ನಮ್ಮ ವ್ಯವಹಾರದಲ್ಲಿ ಇರುವ ಬೆಲೆ ಒಂದು ರೂಪಾಯಿ ಹತ್ತು ಪೈಸೆ, ಲೆಕ್ಕ ಹಾಕಿ ನೋಡಿ.

ಸುಮ್ನೆ ನೋಡಿದ ಮೊದಲ ಫೈಲಿನಲ್ಲೇ ಒಂದು ಅಂಗಡಿಯವರು ಐನೂರು ರೂಪಾಯಿ ಮೇಲ್ಪಟ್ಟ ಖರೀದಿಗೆ ‘ಉಚಿತ ಹೆರಿಗೆ’ ಮಾಡಿಸಿಕೊಡುವುದಾಗಿ ಹೇಳಿದ್ದರು. ಡೆಲಿವರಿ ಅಲ್ವಾ. ಸರ್ಕಾರಿ ಆಸ್ಪತ್ರೆಗಳಿಗೆ ಭಾರ ಕಡಿಮೆಯಾಯಿತಲ್ಲ ಎಂದು ಸಂತೋಷಪಟ್ಟು ಮುಂದಕ್ಕೆ ಹೋದರೆ ಸಭೆಯ ನಡವಳಿ ‘ಸಭೆಯ ನಿಮಿಷಗಳು’ ಆಗಿತ್ತು. ನ್ಯಾಯಬೆಲೆ ಅಂಗಡಿ ‘ಜಾತ್ರೆ ಬೆಲೆ ಅಂಗಡಿ’ ಆಗಿತ್ತು. ಇದೊಂದನ್ನು ತಿದ್ದಲು ಮನಸ್ಸೇ ಬರಲಿಲ್ಲ. ಎಷ್ಟೋ ಕಡೆ ಅದೇ ನಿಜ ಕೂಡ. ಹೊಸದಾಗಿ ಅನುವಾದ ಮಾಡುವುದಕ್ಕಿಂತ ಇಂಥದ್ದನ್ನು ತಿದ್ದುವುದಕ್ಕೆ ಸಮಯ ಜಾಸ್ತಿ ಬೇಕು ಎಂದು ಆ ಏಜೆನ್ಸಿಯ ಹುಡುಗಿಗೆ ಹೇಳಿದೆ. “ಹೌದಾ ಸಾರ್? ಆದ್ರೆ ಕೆಲಸ ಮುಕ್ಕಾಲು ಪಾಲು ಆಗಿಬಿಟ್ಟಿದೆಯಲ್ಲಾ ಸಾರ್” ಅಂದಳು. ಒಳ್ಳೆಯ ಹುಡುಗಿ. ಅವಳನ್ನು ಬೈಯಲು ಆಗುವುದಿಲ್ಲ, ಅವಳ ಕೆಲಸಕ್ಕೂ ಒಂದು ಯಂತ್ರ ಬರುತ್ತಿದೆಯಂತೆ.

ಈ ಕನ್ನಡ ನಮ್ಮ ಮನೆಯೊಳಕ್ಕೂ ಬಂದಾಯಿತು. ಅಮ್ಮನಿಗೆ ಎಂಬತ್ತು ದಾಟಿದೆ, ಕನ್ನಡ ಚೆನ್ನಾಗಿ ಓದುತ್ತಾರೆ, ಹಾಗಾಗಿ ಅವರ ಫೋನನ್ನು ಕನ್ನಡಕ್ಕೆ ಹಾಕಿಕೊಟ್ಟಿದ್ದೆ. ಅದೇ ನಾನು ಮಾಡಿದ ತಪ್ಪು. ಒಂದು ಮಧ್ಯಾಹ್ನ ನಡುಗುವ ದನಿಯಲ್ಲಿ ಕರೆದರು. “ನೋಡೋ, ಆದೇಶ ಹೊರಟಿದೆಯಂತೆ, ದಾರಿಯಲ್ಲಿದೆಯಂತೆ. ನಿಮ್ಮ ದೊಡ್ಡಪ್ಪನ ಮಕ್ಕಳು ಏನೋ ಮಾಡಿಸಿಬಿಟ್ಟರು ಕಣೋ.” ನಮ್ಮದೊಂದು ಮೂರು ಎಕರೆ ಜಮೀನಿನ ಕೇಸು ಹದಿನೆಂಟು ವರ್ಷದಿಂದ ತಾಲ್ಲೂಕು ಕೋರ್ಟಿನಲ್ಲಿದೆ. ಆದೇಶ ಅಂದರೆ ಅಮ್ಮನಿಗೆ ಅದೊಂದೇ. ಫೋನ್ ನೋಡಿದರೆ ನಾನು ತರಿಸಿದ್ದ ಎರಡು ಕೆಜಿ ಸೋನಾಮಸೂರಿ ಮತ್ತು ತೊಗರಿಬೇಳೆ ಬರುತ್ತಿತ್ತು. ‘ನಿಮ್ಮ ಆದೇಶ ದಾರಿಯಲ್ಲಿದೆ.’ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಯಾರಾದರೂ ಆದೇಶ ಹೊರಡಿಸುತ್ತಾರಾ? ಆರ್ಡರ್ ಅಂತಲೇ ಬಿಟ್ಟಿದ್ದರೆ ಏನು ಹೋಗುತ್ತಿತ್ತು, ಕನ್ನಡಕ್ಕೆ ಏನು ನಷ್ಟವಾಗುತ್ತಿತ್ತು? ಈಗ ನಮ್ಮ ಮನೆಯಲ್ಲಿ ಬೇಳೆ ಬಂದರೂ ಅಮ್ಮ ಮೊದಲು ದೇವರಿಗೆ ದೀಪ ಹಚ್ಚುತ್ತಾರೆ.

ಕೋರ್ಟು ಅಂದಾಗ ನೆನಪಾಯಿತು. ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತರಲು ಸುಪ್ರೀಂ ಕೋರ್ಟು 2019ರಲ್ಲೇ ‘ಸುವಾಸ್’ ಎಂಬ ತಂತ್ರಾಂಶ ತಂದಿದೆ. ಒಳ್ಳೆಯ ಕೆಲಸವೇ. ಆದರೆ ‘ಲೀವ್ ಗ್ರಾಂಟೆಡ್’ ಅಂದರೆ ಮೇಲ್ಮನವಿಗೆ ಅನುಮತಿ ಸಿಕ್ಕಿದೆ ಎಂದು ವಕೀಲರಿಗೆ ಗೊತ್ತು, ಯಂತ್ರಕ್ಕೆ ಅದು ರಜೆ ಮಂಜೂರಾಗಿದೆ ಎಂದು ಕಾಣುತ್ತದೆ. ಯಂತ್ರ ಹೀಗೆ ಎಡವುತ್ತದೆ ಎಂದು ನ್ಯಾಯಮೂರ್ತಿಗಳೇ ಉದಾಹರಣೆ ಕೊಟ್ಟು ಹೇಳಿದ್ದಾರೆ. ಹೇಳಿದ್ದು ಏಕೆಂದರೆ ಅಲ್ಲಿ ಯಾರೋ ಓದಿದ್ದರು. ನಮ್ಮ ಮೂರು ಎಕರೆಯ ವಿಷಯಕ್ಕೆ ಬಂದರೆ ರಜೆ ಮಂಜೂರು ಅನ್ನುವುದೇ ಸರಿಯಾದ ಅನುವಾದ, ಹದಿನೆಂಟು ವರ್ಷದಲ್ಲಿ ನಮಗೆ ಸಿಕ್ಕಿರುವುದೂ ಅದೇ.

ಇನ್ನು ಮುಖ್ಯಮಂತ್ರಿಗಳನ್ನು ಸಾಯಿಸಿದ ಪ್ರಕರಣ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು, ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರು, ಅದನ್ನು ಅವರ ಕಚೇರಿ ಕನ್ನಡದಲ್ಲಿ ಹಾಕಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷ್ ಮಾಡಿ ಮುಖ್ಯಮಂತ್ರಿಗಳೇ ನಿನ್ನೆ ತೀರಿಕೊಂಡರು ಎಂದು ಜಗತ್ತಿಗೆ ಸಾರಿತು. ತೀರಿಕೊಂಡ ಮೇಲೂ ಅವರು ಹೋಗಿ ನಟಿಗೆ ಗೌರವ ಸಲ್ಲಿಸಿದರು ಎಂದೂ ಅದೇ ವಾಕ್ಯದಲ್ಲಿತ್ತು. ಕರ್ತವ್ಯನಿಷ್ಠೆ ಅಂದರೆ ಇದು.

ಕನ್ನಡ ಗೊತ್ತಿರುವವರಿಗೆ ಇಲ್ಲಿ ಏನಾಯಿತು ಅಂತ ತಕ್ಷಣ ಹೊಳೆಯುತ್ತದೆ. ‘ಮುಖ್ಯಮಂತ್ರಿಗಳು ನಿನ್ನೆ ನಿಧನರಾದ…’ ಎಂದು ವಾಕ್ಯ ಶುರುವಾದರೆ ನಾವು ಗಾಬರಿ ಬೀಳುವುದಿಲ್ಲ, ತಾಳು, ನಿಧನರಾದವರು ಯಾರು ಅಂತ ಇನ್ನೂ ಬರಬೇಕು ಎಂದು ಕಾಯುತ್ತೇವೆ. ನಮ್ಮ ಭಾಷೆ ಸಾವಿನ ಸುದ್ದಿಯನ್ನೂ ನಿಧಾನಕ್ಕೆ, ನಾಲ್ಕು ವಿಶೇಷಣ ಹಚ್ಚಿ, ಕೊನೆಗೆ ಹೇಳುವ ಭಾಷೆ. ಯಂತ್ರಕ್ಕೆ ಆ ತಾಳ್ಮೆ ಇರಲಿಲ್ಲ, ಹತ್ತಿರ ಸಿಕ್ಕಿದವರನ್ನು ಮುಗಿಸಿಬಿಟ್ಟಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಪತ್ರ ಬರೆದರು, ಕಂಪನಿ ಕ್ಷಮೆ ಕೇಳಿ ಸರಿ ಮಾಡಿದೆವು ಅಂದಿತು. ಮುಖ್ಯಮಂತ್ರಿ ಆದ್ದರಿಂದ ಬದುಕಿಕೊಂಡರು. ನಿಮ್ಮನ್ನೋ ನನ್ನನ್ನೋ ಸಾಯಿಸಿದ್ದರೆ ಜೀವಂತ ಇರುವ ಸರ್ಟಿಫಿಕೇಟಿಗೆ ನಾಡಕಚೇರಿ ಸುತ್ತಬೇಕಿತ್ತು.

ನಗುವ ವಿಷಯವೇ. ಆದರೆ 2017ರ ಅಕ್ಟೋಬರ್‌ನಲ್ಲಿ ಒಬ್ಬ ಪ್ಯಾಲೆಸ್ತೀನಿ ಕಟ್ಟಡ ಕಾರ್ಮಿಕ ಬುಲ್ಡೋಜರಿಗೆ ಒರಗಿ ನಿಂತ ಫೋಟೋ ಹಾಕಿ, ಅರಬ್ಬಿಯಲ್ಲಿ ಶುಭೋದಯ ಅಂತ ಬರೆದ. ಫೇಸ್‌ಬುಕ್ ಅದನ್ನು ಹೀಬ್ರೂ ಭಾಷೆಗೆ ‘ಅವರ ಮೇಲೆ ದಾಳಿ ಮಾಡಿ’ ಎಂದು ತಿರುಗಿಸಿತು. ಇಸ್ರೇಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಗಂಟೆಗಟ್ಟಲೆ ವಿಚಾರಿಸಿ ಬಿಟ್ಟರು. ಅರಬ್ಬಿ ಬಲ್ಲ ಒಬ್ಬ ಅಧಿಕಾರಿಯೂ ಮೂಲದಲ್ಲಿ ಏನಿದೆ ಅಂತ ಹಿಡಿಯುವ ಮುಂಚೆ ಓದಿರಲಿಲ್ಲ. ಅರ್ಧ ನಿಮಿಷದ ಕೆಲಸ ಅದು. ಅಲ್ಲೂ ಸುಮ್ನೆ ಒಂದ್ಸಲ ನೋಡಬೇಕಿತ್ತು ಅಷ್ಟೆ.

ಕೆಪಿಎಸ್‌ಸಿ ಕಥೆ ಹೇಳಬಾರದು ಅಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿದೆ, ಎಲ್ಲರೂ ಬರೆದು ಸುಸ್ತಾಗಿದ್ದಾರೆ. ಆದರೂ ಬಿಡಲು ಆಗುತ್ತಿಲ್ಲ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆ, ಎರಡು ಲಕ್ಷಕ್ಕೂ ಜಾಸ್ತಿ ಅರ್ಜಿ. 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ಆಯಿತು. ಕನ್ನಡದ ಪ್ರಶ್ನೆಗಳು ಹೇಗಿದ್ದವು ಅಂದರೆ ಸರ್ಕಾರವೇ ಮರುಪರೀಕ್ಷೆ ಮಾಡಿ ಎಂದು ಹೇಳಬೇಕಾಯಿತು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಅದರಲ್ಲೂ ಅನುವಾದದ ತಪ್ಪು! ತಪ್ಪನ್ನು ಒಂದು ಸಲ ಯಾರು ಬೇಕಾದರೂ ಮಾಡಬಹುದು, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಮುಖ್ಯಮಂತ್ರಿಯಿಂದ ಹೇಳಿಸಿಕೊಂಡು, ನಾಲ್ಕು ತಿಂಗಳು ಕಾಲ ತಗೊಂಡು, ಹೊಸ ಪ್ರಶ್ನೆಪತ್ರಿಕೆ ಮಾಡಿ, ಅದನ್ನೂ ಹಾಗೇ ಮಾಡುವುದಕ್ಕೆ ಒಂದು ಶಿಸ್ತು ಬೇಕು. ಗೂಗಲ್ಲಿಗೆ ಹಾಕಿ ತೆಗೆದಿದ್ದಾರೆ ಎಂದು ಹುಡುಗರು ದೂರಿದರು. ನನಗೆ ಅನುಮಾನ. ಗೂಗಲ್ ಕನ್ನಡ ಕಲಿಯಲು ಶುರು ಮಾಡಿದ್ದೇ 2011ರಲ್ಲಿ, ಇಷ್ಟು ಬೇಗ ಇಷ್ಟು ಸರ್ಕಾರಿಯಾಗಿ ತಪ್ಪು ಮಾಡಲು ಅದಕ್ಕೆ ಸಾಧ್ಯವಿಲ್ಲ.

ಲೆಕ್ಕ ಹಾಕೋಣ. ಎರಡು ಪತ್ರಿಕೆ, ಒಂದೊಂದರಲ್ಲಿ ನೂರು ಪ್ರಶ್ನೆ. ಆಯ್ಕೆಗಳೂ ಸೇರಿ ಒಂದು ಪ್ರಶ್ನೆಗೆ 60 ಪದ ಇಟ್ಟುಕೊಂಡರೆ 12,000 ಪದ. ನನ್ನ ಬಡ್ತಿಗೆ ಮುಂಚಿನ ದರದಲ್ಲಿ 18,000 ರೂಪಾಯಿ. ಇನ್ನೊಬ್ಬರ ಕೈಯಲ್ಲಿ ಓದಿಸಿ ಅವರಿಗೂ ಅಷ್ಟೇ ಕೊಟ್ಟರೆ 36,000. ಎರಡು ಲಕ್ಷ ಜನಕ್ಕೆ ಎರಡೆರಡು ಸಲ ಪರೀಕ್ಷೆ ಮಾಡುವ ದುಡ್ಡಿನ ಮುಂದೆ ಇದು ಕಾಫಿ ತಿಂಡಿ ಖರ್ಚು.

ಇದಕ್ಕೆಲ್ಲ ಒಂದು ಸುಲಭದ ಉತ್ತರ ಇದೆ. ಕನ್ನಡದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ನೋಡಿಕೊಳ್ಳಿ ಅನ್ನುವುದು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದು ರೂಮಿಗೆ ನಾಲ್ಕು ಜನ ಸೇರಿ ಬಾಡಿಗೆ ಕಟ್ಟಿಕೊಂಡು ಓದುವ ಹುಡುಗ ಹುಡುಗಿಯರಿಗೆ ಇದನ್ನು ಹೇಳಬೇಕಾದವರು ಒಂದು ಸಲ ಅಲ್ಲಿಗೆ ಹೋಗಿ ಮುಖ ನೋಡಿ ಹೇಳಲಿ. ಕನ್ನಡ ಶಾಲೆಯಲ್ಲಿ ಓದಿದವರು, ಮನೆಯಲ್ಲಿ ಹಸು ಮಾರಿ ದುಡ್ಡು ಕಳಿಸಿದವರ ಮಕ್ಕಳು. ವಯಸ್ಸಿನ ಮಿತಿ ಮೀರುತ್ತಿರುತ್ತದೆ. ಎರಡು ಗಂಟೆಯಲ್ಲಿ ನೂರು ಪ್ರಶ್ನೆ, ಅದರ ನಡುವೆ ಕನ್ನಡದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಓದಬೇಕಂತೆ, ಕರ್ನಾಟಕದಲ್ಲಿ, ಕರ್ನಾಟಕ ಸರ್ಕಾರದ ಕೆಲಸಕ್ಕೆ. ಫ್ರೀಡಂ ಪಾರ್ಕಿನಲ್ಲಿ ಕೂತು ಕೂಗಿದರು, ಕೋರ್ಟಿಗೆ ಹೋದರು. ತಮಾಷೆ ಮಾಡೋಣ ಅಂತ ಈ ಪ್ಯಾರಾ ಶುರು ಮಾಡಿದೆ. ಆಗುತ್ತಿಲ್ಲ, ಬಿಡಿ.

ಬೇರೆ ಏನಾದರೂ ಮಾತಾಡೋಣ. ಕೊಡಗಿನ ಬೋರ್ಡು ನೋಡಿದ್ದೀರಲ್ಲ? 2024ರಲ್ಲಿ ಎಲ್ಲರ ಫೋನಿಗೂ ಬಂದಿತ್ತು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಕನ್ನಡದಲ್ಲಿ ಚೆನ್ನಾಗಿಯೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಅಂತ ಹಾಕಿದ್ದರು. ತುರ್ತಾಗಿ ಒಂದು ಅಪಘಾತ ಮಾಡಿ. ನನಗಂತೂ ಅದನ್ನು ನೋಡಿ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅಪರೂಪಕ್ಕೊಮ್ಮೆ ಕನ್ನಡ ನೆಟ್ಟಗಿದ್ದು ಇಂಗ್ಲಿಷ್ ಚರಂಡಿಗೆ ಬಿದ್ದಿತ್ತು.

ಬೋರ್ಡುಗಳ ವಿಷಯದಲ್ಲಿ ನಾವು ಮುಂದುವರಿದಿದ್ದೇವೆ. 60 ಭಾಗ ಕನ್ನಡ ಇರಲೇಬೇಕು ಎಂದು 2024ರಲ್ಲಿ ಕಾನೂನೇ ಆಯಿತು. ನಾನು ಅದರ ಪರ. ಆದರೆ 60 ಭಾಗವನ್ನು ಟೇಪು ಹಿಡಿದು ಅಳೆಯಬಹುದು, ಸರಿ ತಪ್ಪನ್ನು ಅಳೆಯುವ ಟೇಪು ಯಾವ ಅಧಿಕಾರಿಯ ಹತ್ತಿರವೂ ಇಲ್ಲ. ನಮ್ಮ ರಸ್ತೆಯ ಒಂದು ಸಲೂನಿನ ಬೋರ್ಡಿನಲ್ಲಿ ‘ಘಟಕ’ ಅಂತಿದೆ. ಬೋರ್ಡಿನ ಮುಕ್ಕಾಲು ಭಾಗ ಬರೀ ಘಟಕ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಇಂಗ್ಲಿಷಿನಲ್ಲಿ ಯೂನಿಸೆಕ್ಸ್ ಅಂತಿದ್ದದ್ದರಲ್ಲಿ ಯಾರೋ ಅರ್ಧಕ್ಕೆ ಅನುವಾದ ಮಾಡಿ, ಉಳಿದ ಅರ್ಧಕ್ಕೆ ನಾಚಿಕೊಂಡಿದ್ದಾರೆ. ಕಾನೂನಿನ ಪ್ರಕಾರ ಆ ಬೋರ್ಡು ಪಕ್ಕಾ ಇದೆ.

ಅದೇ ಹೊತ್ತಿಗೆ ಅನುವಾದಕರಿಗೆ ಇಷ್ಟು ಗೌರವ ಹಿಂದೆಂದೂ ಇರಲಿಲ್ಲ ಅನ್ನುವುದೂ ನಿಜ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಬಹುಮಾನದ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು, ದೀಪಾ ಭಾಸ್ತಿಯವರಿಗೂ ಅರ್ಧ. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಹಾರ, ಶಾಲು, ಫಲಕ, ಅನುವಾದವೆಂದರೆ ಎರಡು ಸಂಸ್ಕೃತಿಗಳ ಸೇತುವೆ ಎಂಬ ಭಾಷಣ. ಸೇತುವೆ ಅನ್ನುವ ಮಾತು ಬಂದಾಗಲೆಲ್ಲ ನನಗೆ ಭಯ. ನಮ್ಮಲ್ಲಿ ಸೇತುವೆಗಳಿಗೆ ಏನಾಗುತ್ತದೆ ಅಂತ ಗೊತ್ತಲ್ಲ. ಆ ತಿಂಗಳು ನೆಂಟರೆಲ್ಲ ಫೋನ್ ಮಾಡಿ “ನೀನೂ ಅದೇ ಕೆಲಸ ಅಲ್ವೇನೋ ಮಾಡೋದು?” ಅಂದರು. ಹೌದು ಅಂದೆ. ಆವತ್ತು ನನ್ನ ಮುಂದೆ ಇದ್ದದ್ದು ಒಂದು ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು, ಯಂತ್ರ ಅದರಲ್ಲಿ ‘ಮೋಟಾರು ಸುಟ್ಟುಹೋಗಲು ಒಂದು ವರ್ಷದ ಭರವಸೆ’ ಕೊಟ್ಟಿತ್ತು.

ವೆಬಿನಾರಿಗೆ ಹೋದೆ. ಹೋಗದೆ ಇರಲಾಗುತ್ತದಾ, ಮುಂದಿನ ಕೆಲಸ ಅವರೇ ಕೊಡಬೇಕು. ಮಾತಾಡಿದವರು ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ, ಎಐ ನಿಮ್ಮ ಕೆಲಸ ಕಸಿಯುವುದಿಲ್ಲ, ಎಐ ಗೊತ್ತಿರುವವರು ಕಸಿಯುತ್ತಾರೆ ಅಂದರು. ಕಸಿದುಕೊಂಡ ಮೇಲೆ ಅವರೂ ಪದಕ್ಕೆ ನಲವತ್ತು ಪೈಸೆಯೇ ತಗೊಳ್ಳುತ್ತಾರಾ ಎಂದು ಕೇಳಬೇಕು ಅಂತಿದ್ದೆ. ಮೈಕು ಮ್ಯೂಟ್ ಮಾಡಿಟ್ಟಿದ್ದರು.

ಮುಗಿದ ಮೇಲೆ ಆ ಹುಡುಗಿಗೆ ಫೋನ್ ಮಾಡಿದೆ. “ನೋಡಮ್ಮಾ, ಆಹ್ವಾನದಲ್ಲಿ ದತ್ತು ಅಂತಾಗಿದೆ, ಹೊಂದಿಕೊಳ್ಳುವುದು ಅಂತಿರಬೇಕಿತ್ತು. ಮುಂದಿನ ಸಲ ಕಳಿಸುವ ಮುಂಚೆ ಯಾರಿಗಾದರೂ ತೋರಿಸಿ” ಅಂದೆ.

“ಅಯ್ಯೋ ಥ್ಯಾಂಕ್ಸ್ ಸಾರ್. ನೀವು ಹಿರಿಯರು, ಸುಮ್ನೆ ಯಾಕೆ, ಬಿಲ್ ಕಳಿಸಿಬಿಡಿ ಸಾರ್” ಅಂದಳು.

ಒಂದು ಪದ. ನಲವತ್ತು ಪೈಸೆ. ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದು ಮೂವತ್ತಾರು ಪೈಸೆ, ಅರವತ್ತು ದಿನದೊಳಗೆ ಖಾತೆಗೆ ಬರುತ್ತದಂತೆ.