ಸತ್ಯಾಂಶ: ಬಿಟ್‌ರೇಟ್ ಏರಿಸಿದಷ್ಟೂ ಗೇಮ್ ಲೈವ್ ಸ್ಪಷ್ಟವೇ?

ಲೈವ್ ಪ್ರಸಾರ ಮಾಡುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ ಬಿಟ್‌ರೇಟನ್ನು (ಸೆಕೆಂಡಿಗೆ ಕಳಿಸುವ ವಿಡಿಯೊ ಡೇಟಾದ ಪ್ರಮಾಣ) ಗರಿಷ್ಠಕ್ಕೆ ಇಟ್ಟರೆ ಲೈವ್ ಸ್ಪಷ್ಟವಾಗುತ್ತದೆ ಎಂಬ ಸಂದೇಶ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ, ಮಾಹಿತಿ ಮಾತ್ರ ಅರ್ಧ ಸರಿ.

ಬಿಟ್‌ರೇಟ್ ಹೆಚ್ಚಿದರೆ ಚಿತ್ರ ಸುಧಾರಿಸುತ್ತದೆ, ಆದರೆ ಮನೆಯ ಅಪ್‌ಲೋಡ್ ವೇಗ ತಾಳುವವರೆಗೆ. ಅದನ್ನು ಮೀರಿದರೆ ಫ್ರೇಮ್‌ಗಳು, ಅಂದರೆ ವಿಡಿಯೊದ ಬಿಡಿ ಚಿತ್ರಗಳು, ಬಿಟ್ಟುಹೋಗಿ ಲೈವ್ ತಡೆತಡೆದು ಓಡುತ್ತದೆ. ಗೇಮ್ ಲೈವ್‌ಗಳ ತಾಣ ಟ್ವಿಚ್ ಕೂಡ 1080ಪಿ ಗಾತ್ರದ, ಸೆಕೆಂಡಿಗೆ 60 ಫ್ರೇಮ್‌ನ ವಿಡಿಯೊಗೆ ಸೂಚಿಸಿರುವುದು 6000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್.

ಇದನ್ನು ನೀವೇ ಪರೀಕ್ಷಿಸಬಹುದು. ಸಂಜೆ ಮನೆಯವರೆಲ್ಲ ಫೋನ್ ಹಿಡಿದಿರುವ ಹೊತ್ತಿಗೆ ಸ್ಪೀಡ್ ಟೆಸ್ಟ್ ಮಾಡಿ; ಡೌನ್‌ಲೋಡ್ ಬೇಡ, ಅಪ್‌ಲೋಡ್ ಅಂಕಿ ನೋಡಿ. ಬಿಟ್‌ರೇಟ್ ಅದರ ಮುಕ್ಕಾಲು ಪಾಲು ದಾಟದಿರಲಿ. ಬಳಿಕ ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವ) ಲೈವ್ ಹಾಕಿ, ಓಬಿಎಸ್‌ನ ಅಂಕಿಅಂಶದ ಕಿಟಕಿ ಸ್ಟ್ಯಾಟ್ಸ್ ತೆರೆದಿಡಿ. ನೆಟ್‌ವರ್ಕ್‌ನಿಂದ ಡ್ರಾಪ್ ಆದ ಫ್ರೇಮ್‌ಗಳು ಏರುತ್ತಿದ್ದರೆ ಬಿಟ್‌ರೇಟ್ ಇಳಿಸಿ. ಎನ್‌ಕೋಡಿಂಗ್ ಲ್ಯಾಗ್ ಎಂಬ ಸಾಲು ಏರುತ್ತಿದ್ದರೆ ತೊಂದರೆ ಕಂಪ್ಯೂಟರಿನದು. ನೆಟ್ ಪ್ಲಾನ್ ಬದಲಿಸಿ ದುಡ್ಡು ಕಳೆಯಬೇಡಿ, ಓಬಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸುವ ಭಾಗ) ಆರಿಸಿ ನೋಡಿ.

ಹುಲ್ಲು, ಮಳೆ, ವೇಗದ ಓಟ ಇರುವ ದೃಶ್ಯಗಳೇ ಮೊದಲು ಮಸುಕಾಗುವುದು. ಅಪ್‌ಲೋಡ್ ಕಡಿಮೆಯಿದ್ದರೆ ಅದೇ ಬಿಟ್‌ರೇಟಿನಲ್ಲಿ 1080ಪಿಗಿಂತ 720ಪಿ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತದೆ. ಸಾಧ್ಯವಾದರೆ ವೈಫೈ ಬಿಟ್ಟು ರೌಟರಿನಿಂದ ನೇರ ಕೇಬಲ್ ಎಳೆಯಿರಿ.