ಹದಿಮೂರು ರೂಪಾಯಿ ಅರವತ್ತು ಪೈಸೆಯ ಭಾನುವಾರ

ನಮ್ಮ ಮಾವ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದರು ಅಂದರೆ ಆ ಭಾನುವಾರ ಮನೆಯಲ್ಲಿ ಒಗ್ಗಾಣಿ ಜೊತೆ ಮಿರ್ಚಿ ಇರುವುದಿಲ್ಲ. ಕಡಲೆಹಿಟ್ಟು ಕಲಸಬೇಕಾದ ನಾನು ಅವರ ಎದುರು ಮೊಬೈಲ್ ಹಿಡಿದು ಕೂತಿರುತ್ತೇನೆ. ಮನೆ ಖರ್ಚಿನ ಖಾತೆ ನಮ್ಮಿಬ್ಬರ ಹೆಸರಲ್ಲಿ ಜಂಟಿ. ಯುಪಿಐ ಇರುವುದು ನನ್ನ ಫೋನಿನಲ್ಲಿ. ಹಾಗಾಗಿ ದುಡ್ಡು ಕಳಿಸುವುದು ನನ್ನ ಕೆಲಸ, ಕೇಳುವುದು ಅವರ ಕೆಲಸ.

ಹಾಲು, ಕಿರಾಣಿ, ಕರೆಂಟ್ ಬಿಲ್ ಇವೆಲ್ಲ ಬೇಗ ಮುಗಿಯುತ್ತವೆ. ತಂಟೆ ಶುರುವಾಗುವುದು ರೈಲು, ಬಸ್ಸಿನ ಟಿಕೆಟ್ಟಿನ ಸಾಲು ಬಂದಾಗ.

ಮಾವ ಬಳ್ಳಾರಿ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದೇ ತಲೆ ಬೆಳ್ಳಗಾದವರು. ರೈತರ ಶೇಂಗಾಕ್ಕೆ, ಹತ್ತಿಗೆ ಪಟ್ಟಿ ಬರೆಯುವಾಗ ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಕೊಟ್ಟ ಮುಂಗಡ ಇಷ್ಟು ಅಂತ ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿಯೇ ಕಳೆಯುತ್ತಿದ್ದರಂತೆ. ಈಗ ರಿಟೈರ್ ಆಗಿದ್ದಾರೆ. ಸ್ಟೀಲ್ ಸ್ಕೇಲು ರಿಟೈರ್ ಆಗಿಲ್ಲ. ಪಾಸ್‌ಬುಕ್ಕಿನ ಮೇಲೆ ಅದನ್ನು ಅಡ್ಡ ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾರೆ. ಕೈಯಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್. ಸರಿ ಇದ್ದದ್ದಕ್ಕೆ ನೀಲಿ ಟಿಕ್. ಕೆಂಪು ಸುತ್ತು ಬಿತ್ತು ಅಂದರೆ ನನ್ನ ಹೆಸರು ಕೂಗುತ್ತಾರೆ.

ಮೊನ್ನೆ ಕೂಗಿದರು.

“ಏನಮ್ಮಾ, ಈ ಇಂಡಿಯನ್ ಆರ್ ಅನ್ನೋನು ಯಾರು?”

ನೋಡಿದೆ. ಯುಪಿಐ, ಡಿಆರ್, ಹನ್ನೆರಡು ಅಂಕಿಯ ಒಂದು ನಂಬರ್, ಆಮೇಲೆ ಇಂಡಿಯನ್, ಅದರ ಮುಂದೆ ಇಂಗ್ಲಿಷಿನ ಒಂದು ಆರ್. ಅಲ್ಲಿಗೆ ಜಾಗ ಮುಗಿದಿದೆ. ರೈಲ್ವೆ ಅಂತ ಪೂರ್ತಿ ಬರೆಯಲು ಇನ್ನು ಆರೇಳು ಅಕ್ಷರ ಸಾಕಿತ್ತು. ಬೇಡದ ಹನ್ನೆರಡು ಅಂಕಿಗೆ ಜಾಗ ಇದೆ, ಬೇಕಾದ ಹೆಸರಿಗೆ ಇಲ್ಲ.

“ರೈಸ್ ಮಿಲ್ಲಾ? ಸಿರುಗುಪ್ಪದ ಅಕ್ಕಿಗೆ ನಾನು ರೊಕ್ಕ ಕೈಯಾಗೇ ಕೊಟ್ಟೀನಲ್ಲ.”

“ಅಲ್ಲ ಮಾವಾ, ರೈಲ್ವೆ. ದಸರಾಕ್ಕೆ ಮೈಸೂರಿಗೆ ಹೋಗ್ತೀವಲ್ಲ, ಹಂಪಿ ಎಕ್ಸ್‌ಪ್ರೆಸ್ಸಿಗೆ ತೆಗೆದದ್ದು.”

ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. “ಈ ತಾರೀಖಿಗೆ ಪಂಚಮಿ. ಅವತ್ತು ಮನೆಯಾಗೆ ಕೂತು ಉಂಡಿ ತಿಂದೀವಿ. ರೈಲು ಹತ್ತಿಲ್ಲ.”

ಪಾಸ್‌ಬುಕ್ಕಿಗೆ ಬೀಳುವುದು ದುಡ್ಡು ಹೋದ ದಿನ, ನಾವು ಹೋಗುವ ದಿನ ಅಲ್ಲ. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಆಗಿನ ಕಾಲವಾಗಿದ್ದರೆ ದಸರಾ ಟಿಕೆಟ್ಟಿನ ಸಾಲು ಮುಂಗಾರಿನಲ್ಲೇ ಬಂದು ಕೂತಿರುತ್ತಿತ್ತು, ಮಾವ ನನ್ನನ್ನು ಪೊಲೀಸರಿಗೇ ಒಪ್ಪಿಸುತ್ತಿದ್ದರೇನೋ. ಇದನ್ನೆಲ್ಲ ಹೇಳಿದೆ. ತಾರೀಖು ಒಪ್ಪಿದರು. ನೀಲಿ ತುದಿ ತಿರುಗಿಸಿದರು. ಮಿರ್ಚಿಗೆ ಎಣ್ಣೆ ಇಡೋಣ ಅಂತ ನಾನು ಎದ್ದೆ.

“ಕೂತ್ಕೋ. ಟಿಕೆಟ್ ದರಕ್ಕಿಂತ 13 ರೂಪಾಯಿ 60 ಪೈಸೆ ಜಾಸ್ತಿ ಹೋಗೈತೆ.”

ನಾಲ್ಕು ಜನರ ಟಿಕೆಟ್. ಮಾವ, ಅತ್ತೆ, ನಾನು, ಮಗಳು. ಯಜಮಾನರಿಗೆ ಶಿಫ್ಟ್ ಇದೆ, ಬರುವುದಿಲ್ಲ. ಮಾವ 13.60ನ್ನು ನಾಲ್ಕರಿಂದ ಭಾಗಿಸಿದರು. ತಲೆಗೆ 3 ರೂಪಾಯಿ 40 ಪೈಸೆ. “ಯಾವ ಲೆಕ್ಕದಾಗೂ ಮೂರು ನಲವತ್ತು ಬರಂಗಿಲ್ಲ,” ಅಂದರು. ಶೇಕಡಾ ಹಾಕಿ ನೋಡಿದರು. ಅದೂ ಹೊಂದಲಿಲ್ಲ. ಅವರ ಮುಖದಲ್ಲಿ ಒಂಥರಾ ಕಳೆ ಬಂತು. ಎಷ್ಟೋ ವರ್ಷದ ಮೇಲೆ ತಾಳೆಯಾಗದ ಒಂದು ಲೆಕ್ಕ ಸಿಕ್ಕಿದೆ, ಬಿಡುವವರಲ್ಲ.

ನಾನು ಬಿಡಿಸಿ ಹೇಳಿದೆ. ಐಆರ್‌ಸಿಟಿಸಿಯಲ್ಲಿ ಸ್ಲೀಪರ್ ಟಿಕೆಟ್ ತೆಗೆದು ಯುಪಿಐನಲ್ಲಿ ಕಟ್ಟಿದರೆ ಕನ್ವೀನಿಯನ್ಸ್ ಫೀ 10 ರೂಪಾಯಿ. ಇದು ಟಿಕೆಟ್ಟಿಗೆ, ತಲೆಗಲ್ಲ. ಅದರ ಮೇಲೆ ಜಿಎಸ್‌ಟಿ ಶೇಕಡಾ 18, ಅಂದರೆ 1 ರೂಪಾಯಿ 80 ಪೈಸೆ. ಒಟ್ಟು 11.80. ಇನ್ನು ಪ್ರಯಾಣದ ಇನ್ಸೂರೆನ್ಸ್ ತಲೆಗೆ 45 ಪೈಸೆ. ನಾಲ್ಕು ಜನಕ್ಕೆ 1 ರೂಪಾಯಿ 80 ಪೈಸೆ. ಕೂಡಿದರೆ 13.60. ಮುಗೀತು.

ಮುಗಿಯಲಿಲ್ಲ.

“ಅಲ್ಲೇ ನಿಂದ್ರು. ಒಂದು ಎಂಬತ್ತು ಎರಡು ಸಲ ಬಂತು.”

“ಬಂತು ಮಾವಾ. ಒಂದು ಜಿಎಸ್‌ಟಿ, ಇನ್ನೊಂದು ಇನ್ಸೂರೆನ್ಸ್.”

“ಹೆಸರು ಬ್ಯಾರೆ ಇಟ್ಟು ಒಂದೇ ರೊಕ್ಕ ಎರಡು ಸಲ ಕಳೆಯೋದು ನನಗೆ ಗೊತ್ತಿಲ್ಲೇನು? ಇಂಥವು ಎಷ್ಟು ಹಿಡಿದೀನಿ.”

ಯಾರಿಗೆ ಹೇಳೋಣ ಹೇಳಿ! ಹತ್ತು ರೂಪಾಯಿಗೆ ಶೇಕಡಾ ಹದಿನೆಂಟೂ, ನಾಲ್ಕು ಸಲ 45 ಪೈಸೆಯೂ ಒಂದೇ ಮೊತ್ತ ಆಗಬೇಕೇ? ಅದೂ ನಮ್ಮ ಮನೆಯವರು ನಾಲ್ಕೇ ಜನ ಹೊರಟಾಗಲೇ ಆಗಬೇಕೇ? ಐದು ಜನ ಹೊರಟಿದ್ದರೆ ಇನ್ಸೂರೆನ್ಸ್ 2.25 ಆಗಿ ನನ್ನ ಭಾನುವಾರ ಉಳಿಯುತ್ತಿತ್ತು.

“ಒಬ್ಬರನ್ನ ಬಿಟ್ಟು ಲೆಕ್ಕ ಹಾಕಿ ನೋಡಿ ಮಾವಾ. ಇನ್ಸೂರೆನ್ಸ್ 1.35 ಆಗುತ್ತೆ, ಜಿಎಸ್‌ಟಿ ಹಂಗೇ ಇರುತ್ತೆ.”

“ಯಾರನ್ನ ಬಿಡಾನ?”

ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ನನ್ನ ಬಿಡ್ರಿ. ನಾನು ಬಸ್ಸಿಗೆ ಬರ್ತೀನಿ, ನಂದು ಸೊನ್ನೆ.”

ಅತ್ತೆಯ ಮಾತು ಲೆಕ್ಕಕ್ಕೆ ಸರಿಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾರಿಗೆ ನಿಗಮದ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ಸೊನ್ನೆ. ಅತ್ತೆ ಕೊಪ್ಪಳ, ಗಂಗಾವತಿ, ಸಿಂಧನೂರು ಅಂತ ನೆಂಟರ ಮನೆಗಳನ್ನೆಲ್ಲ ಸುತ್ತಿ ಬಂದಿದ್ದಾರೆ. ಪಾಸ್‌ಬುಕ್ಕಿನಲ್ಲಿ ಅದರ ಒಂದು ಗೆರೆಯೂ ಇಲ್ಲ. ಮಾವನ ದೃಷ್ಟಿಯಲ್ಲಿ ಅತ್ತೆ ಎಲ್ಲಿಗೂ ಹೋಗೇ ಇಲ್ಲ.

ಇನ್ಸೂರೆನ್ಸ್ ತೆಗೆದುಹಾಕಬಹುದಿತ್ತಲ್ಲ ಅಂದರು ಮಾವ. ಬೇಡ ಅನ್ನುವ ಆಯ್ಕೆ ಇದೆ ನಿಜ, ಆದರೆ 45 ಪೈಸೆಗೆ ಪ್ರಾಣ ಹೋದರೆ 10 ಲಕ್ಷ ಬರುತ್ತದೆ ಅಂದೆ. ಹತ್ತು ಲಕ್ಷ ಕೇಳಿ ಕನ್ನಡಕ ತೆಗೆದರು. ಲಾಭ ಕಂಡರೆ ಅವರು ಕನ್ನಡಕ ತೆಗೆಯುತ್ತಾರೆ.

“ನಾಮಿನಿ ಯಾರು?”

ಕಂಪನಿಯವರು ಕಳಿಸಿದ ಲಿಂಕಿನಲ್ಲಿ ತುಂಬಬೇಕು. ನಾವು ನಾಲ್ಕೂ ಜನ ಒಂದೇ ರೈಲಿನಲ್ಲಿ. ಊರಲ್ಲಿ ಉಳಿಯುವವರು ಯಜಮಾನರೊಬ್ಬರೇ. “ಅಂದ್ರ ನಾಲ್ವತ್ತು ಲಕ್ಷಾನೂ ಅವನಿಗೆ,” ಅಂದರು ಮಾವ ನಿಧಾನಕ್ಕೆ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದ ಮಗನ ಕೋಣೆಯ ಕಡೆ ನೋಡಿದರು. “ರಜಾ ಸಿಗಲಿಲ್ಲ ಅಂತ ಅವನೇ ಅಂದನಾ, ನೀನೇ ಕೇಳಿದೆಯಾ?”

ಬಸ್ಸಿನ ಸಾಲು ಇದಕ್ಕಿಂತ ಕಷ್ಟ. ರೈಲಿನದಾದರೆ ಅರ್ಧ ಹೆಸರಾದರೂ ಇತ್ತು. ಬೆಂಗಳೂರಿಗೆ ಆ್ಯಪ್‌ನಲ್ಲಿ ಸ್ಲೀಪರ್ ಬಸ್ ಬುಕ್ ಮಾಡಿದ್ದೆ. ಬಸ್ಸಿನ ಮೈಮೇಲೆ ಒಬ್ಬ ದೇವರ ಹೆಸರು, ಆ್ಯಪ್‌ಗೆ ಬೇರೆ ಹೆಸರು, ಪಾಸ್‌ಬುಕ್ಕಿನಲ್ಲಿ ಇವೆರಡೂ ಅಲ್ಲದ ಯಾವುದೋ ಟೆಕ್ನಾಲಜೀಸ್ ಪ್ರೈವೇಟ್. ದುಡ್ಡು ನಡುವೆ ಇರುವ ಪೇಮೆಂಟ್ ಕಂಪನಿಗೆ ಹೋಗಿ ಅಲ್ಲಿಂದ ಬಸ್ಸಿನವರಿಗೆ ಹೋಗುತ್ತದೆ, ಹಾಗಾಗಿ ಆ ಹೆಸರು. ಮಾವ ಅಷ್ಟರಲ್ಲಿ 1930 ಒತ್ತಿ ಕಿವಿಗೆ ಹಿಡಿಯಲು ತಯಾರಾಗಿದ್ದರು. ಸೈಬರ್ ವಂಚನೆಗೆ ಆ ನಂಬರಿಗೆ ಫೋನ್ ಮಾಡಿ ಅಂತ ಪೇಪರಿನಲ್ಲಿ ಓದಿದ್ದಾರೆ, ಒಂದು ಅವಕಾಶಕ್ಕೆ ಕಾಯುತ್ತಿದ್ದಾರೆ.

ಪೇಪರ್ ಓದಿ ಇನ್ನೊಂದು ಕಲಿತಿದ್ದಾರೆ. ಅದೇ ಬಸ್ಸಿಗೆ ಮೊದಲ ಸಲ ದುಡ್ಡು ಕಟ್ ಆಗಿ ಟಿಕೆಟ್ ಬಂದಿರಲಿಲ್ಲ. ಯುಪಿಐನಲ್ಲಿ ಅಂಗಡಿಗೋ ಕಂಪನಿಗೋ ಕಟ್ಟಿದ್ದು ಹೀಗೆ ನಡುವೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ. ಮಾವ ದಿನಾ ಬೆಳಿಗ್ಗೆ ಕೇಳಿದರು, “ಬಂತಾ?” ಬಂದಿಲ್ಲ ಅಂದರೆ ಖುಷಿ. ಒಂದು ತಿಂಗಳು ತಡ ಮಾಡಿದರೆ ಮೂರು ಸಾವಿರ ಅಂತ ಅತ್ತೆಗೆ ಹೇಳಿಯೂ ಬಿಟ್ಟಿದ್ದರು. ಐದನೇ ದಿನ ಸಂಜೆ ದುಡ್ಡು ಬಂತು. ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಇಷ್ಟೆಲ್ಲ ಜಗಳ ತೆಗೆಯುವವರು ಒಂದು ಸಾಲಿನ ಮೇಲೆ ಸ್ಕೇಲು ನಿಲ್ಲಿಸಲೇ ಇಲ್ಲ. ಯುಗಾದಿಗೆ ಮಾವ, ಅತ್ತೆ ಇಬ್ಬರೂ ಮೈಸೂರಿನ ದೊಡ್ಡತ್ತೆಯ ಮನೆಗೆ ಹೋಗಬೇಕಿತ್ತು. ದೊಡ್ಡತ್ತೆ ಅಂದರೆ ಮಾವನ ಅಕ್ಕ. ಅತ್ತೆಯ ಮೊಣಕಾಲು ಊದಿಕೊಂಡು ಟಿಕೆಟ್ ರದ್ದು ಮಾಡಿಸಿದೆವು. ಸ್ಲೀಪರಿನಲ್ಲಿ ಕನ್‌ಫರ್ಮ್ ಟಿಕೆಟ್ಟನ್ನು ಎಷ್ಟು ಮೊದಲೇ ರದ್ದು ಮಾಡಿದರೂ ತಲೆಗೆ 120 ರೂಪಾಯಿ ಹೋಗುತ್ತದೆ, ಕನ್ವೀನಿಯನ್ಸ್ ಫೀಯಂತೂ ವಾಪಸ್ಸಿಲ್ಲ. 13 ರೂಪಾಯಿಗೆ ಒಂದು ಬೆಳಗು ಕಳೆದವರು ಆ 240 ರೂಪಾಯಿಗೆ ಸುಮ್ನೆ ನೀಲಿ ಟಿಕ್ ಹಾಕಿದರು. “ಅಕ್ಕ ಹೋಳಿಗೆ ಮಾಡಿ ಕಾಯ್ಕೊಂಡು ಕೂತಿದ್ದಳಂತ,” ಅಂದರು. ಮುಂದಿನ ತಿಂಗಳು ಹೋದರಾಯ್ತು ಅಂದುಕೊಂಡಿದ್ದರು. ಆ ಮುಂದಿನ ತಿಂಗಳು ಪಾಸ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ.

ಆಮೇಲೆ ಸ್ಕೇಲು ಮತ್ತೆ ಜೋರಾಗಿ ಸರಿಯಿತು. ಹಿರಿಯರ ರಿಯಾಯಿತಿ ಎಲ್ಲಿ ಅಂದರು. 2020ರ ಮಾರ್ಚ್‌ನಲ್ಲಿ ನಿಂತದ್ದು ಅಂದೆ. ಗೊತ್ತಿದೆ, ಆದರೂ ಪ್ರತಿ ಸಲ ಕೇಳುತ್ತಾರೆ. ಅವರು ಅರವತ್ತು ದಾಟಿದ್ದು ಅದು ನಿಂತ ಮೇಲೆ. ಈ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಮಾವನ ಕಡೆ.

ಮೈಸೂರಿಂದ ವಾಪಸ್ ಬರುವ ಟಿಕೆಟ್ ಇನ್ನೂ ತೆಗೆದಿರಲಿಲ್ಲ. ಇವತ್ತೇ ಮೊಬೈಲಿನಲ್ಲಿ ತೆಗೆದುಬಿಡ್ತೀನಿ ಅಂದೆ. “ಮುಟ್ಟಬ್ಯಾಡ. ಕೌಂಟರಿನಾಗೆ ತೆಗೆದರೆ ಈ ಫೀ ಇಲ್ಲ,” ಅಂದರು. ಅದೂ ನಿಜವೇ. ಮರುದಿನ ಬಿಸಿಲಲ್ಲಿ ಆಟೊ ಹಿಡಿದು ಸ್ಟೇಷನ್ನಿಗೆ ಹೋದರು. ಫಾರಂ ತುಂಬಿ, ಸಾಲಿನಲ್ಲಿ ನಿಂತು, ಇನ್ನೊಂದು ಆಟೊ ಹಿಡಿದು ಊಟದ ಹೊತ್ತಿಗೆ ಗೆದ್ದು ಬಂದರು. ಆಟೊದವರಿಗೆ ಕೊಟ್ಟದ್ದು ನಗದು, ಅದು ಪಾಸ್‌ಬುಕ್ಕಿಗೆ ಬರುವುದಿಲ್ಲ.

“ನೋಡಮ್ಮಾ, ಒಂದು ಪೈಸೆ ಜಾಸ್ತಿ ಇಲ್ಲ.”

ಟಿಕೆಟ್ ನೋಡಿದೆ. ದರ ಸರಿಯಾಗೇ ಇತ್ತು. ನಾಲ್ಕೂ ಜನ ವೇಟಿಂಗ್ ಲಿಸ್ಟಿನಲ್ಲಿದ್ದೆವು.

ನಾನು ತಲೆ ಎತ್ತುವಷ್ಟರಲ್ಲಿ ಅತ್ತೆ ಬೀರು ತೆಗೆದು ಆಧಾರ್ ಕಾರ್ಡನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು.